ಅವಳ ಶಬ್ದಗಳಿಗೆ ಜಾಗ

ಮಾರ್ಚ್ 3, ಮಂಗಳವಾರ. ಬೆಳಿಗ್ಗೆ

ನನ್ನ ಹೆಂಡತಿ ಮನೆಗೇ ಬಂದುಬಿಡುತ್ತಾಳಂತೆ! ಬರೀ ಭಾನುವಾರಕ್ಕಲ್ಲ, ಪೂರ್ತಿಯಾಗಿ! ಹಲ್ಲುಜ್ಜುತ್ತಿದ್ದಾಗ ಫೋನ್ ಬಂತು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಕಿರುಚಿದೆ. ಕನ್ನಡಿಯ ಮೇಲೆಲ್ಲ ಪೇಸ್ಟ್.

ಹೆಂಡತಿ. ಬರೆಯುವಾಗ ಇನ್ನೂ ಮೈ ಜುಂ ಎನ್ನುತ್ತದೆ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಆದರೂ ‘ವೈಫ್’ ಎಂದು ಬರೆದರೆ ಯಾವುದೋ ಅರ್ಜಿ ತುಂಬಿದ ಹಾಗಿರುತ್ತದೆ. ಹೆಂಡತಿ. ಹೆಂಡತಿ. ಸಾಕು, ಅಂಗಡಿಗೆ ಲೇಟಾಗುತ್ತದೆ.

ಒಂದು ಷರತ್ತು ಇದೆ. ಅವಳಿರುವ ಊರಿನ ಸ್ಟುಡಿಯೋದಲ್ಲಿ ಮಕ್ಕಳ ಕಥೆಗಳನ್ನು ಆಡಿಯೋ ಮಾಡುತ್ತಾರೆ. ಕಥೆಗೆ ಶಬ್ದ ಕೂಡಿಸುವವಳು ಅವಳು. ಬಾಗಿಲು, ಗಾಳಿ, ಹೆಜ್ಜೆ, ಎಲ್ಲ. ಅಲ್ಲಿನ ಮೇಡಂ ಹೇಳಿದ್ದು ಇಷ್ಟು: ಮನೆಯ ಕಂಪ್ಯೂಟರಿನಲ್ಲೇ ಒಂದು ಎಪಿಸೋಡ್ ತಯಾರಾಗಿ ಸೋಮವಾರ ಮಧ್ಯಾಹ್ನದೊಳಗೆ ಕೈಸೇರಬೇಕು. ಸೇರಿದರೆ ಇಲ್ಲಿಂದಲೇ ಕೆಲಸ. ಇಲ್ಲದಿದ್ದರೆ ಈ ಸೀರೀಸ್ ಮುಗಿಯುವ ತನಕ ಅಲ್ಲೇ. ಎಂದರೆ ವರ್ಷದ ಕೊನೆ. ಅಲ್ಲಿಯವರೆಗೂ ನಾವು ಭಾನುವಾರಗಳ ಗಂಡ ಹೆಂಡತಿ.

ಕಂಪ್ಯೂಟರ್ ನಾಳೆ ಬರುತ್ತದೆ. ಜೋಡಿಸುವವನು ನಾನು. ಈ ಭಾನುವಾರ ಅವಳಿಗೆ ಬರಲಾಗುವುದಿಲ್ಲ, ಸ್ಟುಡಿಯೋದಲ್ಲಿ ಬೆಳಗಿನ ಡ್ಯೂಟಿ. ಹಾಗಾಗಿ ಅಲ್ಲಿನ ಹಾಸ್ಟೆಲಿನಲ್ಲೇ ಕೂತು ನೆಟ್ ಮೂಲಕ, ರಿಮೋಟಿನಲ್ಲಿ, ಅದರ ಮೇಲೆ ಕೆಲಸ ಮಾಡುತ್ತಾಳೆ.

“ನಿನ್ ಕೈಲಿ ಆಗುತ್ತೇನೋ?”

“ದಿನಾ ಕನ್ನಡಕದ ಸ್ಕ್ರೂ ಹಾಕೋನು ಕಣೇ ನಾನು. ವೈರ್ ಚುಚ್ಚೋದು ಯಾವ ಮಹಾ!”

ಮಾರ್ಚ್ 4, ಬುಧವಾರ. ಸಂಜೆ

ಬಂತು! ಪೆಟ್ಟಿಗೆ ನೋಡಿ ಮೋಸ ಹೋದೆ ಅಂದುಕೊಂಡೆ. ಇಷ್ಟೇ ಇಷ್ಟು. ಊಟದ ಡಬ್ಬಿಯಷ್ಟು. ಅಕ್ಕ ಬಂದಿದ್ದಳು (ಪಕ್ಕದ ಬೀದಿ, ಬಾಗಿಲು ತಟ್ಟುವ ಅಭ್ಯಾಸವಿಲ್ಲ). ಎತ್ತಿ, ತಿರುಗಿಸಿ ನೋಡಿದಳು.

“ಮಿಕ್ಕಿದ್ದು ನಾಳೆ ಬರುತ್ತಾ?”

“ಇಷ್ಟೇ ಅಕ್ಕ. ಕಾಂಪ್ಯಾಕ್ಟ್.”

“ನಿನ್ನ ಸಂಸಾರದ ಹಾಗೆ. ಗಂಡ ಇಲ್ಲಿ, ಹೆಂಡತಿ ಅಲ್ಲಿ, ಮನೇಲಿ ಬೇಕಾದಷ್ಟು ಜಾಗ.”

ಡಬ್ಬಿ ಚಿಕ್ಕದು, ಪರಿವಾರ ದೊಡ್ಡದು. ಎರಡು ಮಾನಿಟರ್, ಕೀಬೋರ್ಡ್, ಮೌಸ್, ಮೈಕ್, ಮೈಕಿನ ಬಾಕ್ಸ್, ಸ್ಪೀಕರ್, ಅವಳ ಹಾರ್ಡ್ ಡಿಸ್ಕ್. ಮುಂದೆ ಎರಡು ಯುಎಸ್‌ಬಿ, ಹಿಂದೆ ಎರಡು. ಮದುವೆ ಮನೆಯ ಮೊದಲ ಪಂಕ್ತಿಯ ಹಾಗೆ ಎಲ್ಲರೂ ಒಂದೇ ಸಲ ಕೂರಬೇಕು. ಒಂದು ಕಿಂಡಿಯನ್ನು ನಾಲ್ಕಾರು ಮಾಡುವ ಹಬ್ ತಂದು ಎಲ್ಲರನ್ನೂ ಅದರಲ್ಲಿ ಕೂರಿಸಿದೆ.

ಎರಡನೇ ಮಾನಿಟರ್ ಕಪ್ಪಗೇ ಇತ್ತು. ಕೇಬಲ್ ತೆಗೆದೆ, ಹಾಕಿದೆ, ಊದಿದೆ. ಕೊನೆಗೆ ಅಕ್ಕ ಅದರ ಅಂಚಿನ ಬಟನ್ ಒತ್ತಿದಳು. ಪವರ್ರೇ ಆನ್ ಮಾಡಿರಲಿಲ್ಲ.

ಇದನ್ನು ಹೆಂಡತಿಗೆ ಹೇಳುವುದಿಲ್ಲ. (ಅಕ್ಕ ಆಗಲೇ ಹೇಳಿದ್ದಾಳೆ.)

ಮಾರ್ಚ್ 5, ಗುರುವಾರ

ಮೌಸ್‌ಗೆ ಹುಚ್ಚು. ಬಾಣ ಎರಡು ಹೆಜ್ಜೆ ನಡೆಯುತ್ತದೆ, ನಿಲ್ಲುತ್ತದೆ, ಜಿಗಿಯುತ್ತದೆ. ಡಿಸ್ಕ್ ಬೇರೆ ಟಿಕ್ ಟಿಕ್ ಎಂದು ಮಾಯವಾಗುತ್ತದೆ, ಮತ್ತೆ ಬರುತ್ತದೆ. ಊಟದ ಬಿಡುವಿನಲ್ಲಿ ಅವಳಿಗೆ ಫೋನ್.

“ಡಿಸ್ಕನ್ನೂ ಹಬ್‌ಗೇ ಹಾಕಿದೀಯಾ? ಅದಕ್ಕೆ ಕರೆಂಟ್ ಸಾಲಲ್ಲ ಕಣೋ. ನೇರ ಹಿಂದೆ ಹಾಕು. ಮೌಸಿನ ಚಿಕ್ಕ ರಿಸೀವರ್ ಡಿಸ್ಕ್ ಪಕ್ಕ ಇದ್ಯಾ?”

“ಒತ್ತಿಕೊಂಡೇ ಇದೆ.”

“ಬಿಡಿಸು. ಅವೆರಡಕ್ಕೂ ಆಗಿಬರಲ್ಲ. ಒಂದು ಮುಂದೆ, ಒಂದು ಹಿಂದೆ.”

ಬಿಡಿಸಿದೆ. ಬಾಣ ಬೆಣ್ಣೆಯ ಮೇಲೆ ಜಾರಿದ ಹಾಗೆ ಓಡಿತು! ಇವಳನ್ನು ಕಟ್ಟಿಕೊಂಡ ನಾನು ಎಂಥ ಜಾಣ!

ಮಾರ್ಚ್ 6, ಶುಕ್ರವಾರ. ಸಂಜೆ ಏಳು

ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದೆ. ಬಾಣ ತಾನಾಗಿಯೇ ಕದಲಿತು. ಪರದೆಯ ಮೇಲೆ ಓಡಾಡಿತು, ಮೂಲೆ ಮೂಲೆ ನೋಡಿತು, ಒಂದು ಖಾಲಿ ಪುಟ ತೆಗೆಯಿತು. ಅಕ್ಷರಗಳು ಒಂದೊಂದಾಗಿ ಮೂಡಿದವು: ‘ಯಾರಾದರೂ ಇದ್ದೀರಾ ಮನೇಲಿ?’

ನನ್ನ ಹೆಂಡತಿ ಮನೆಗೆ ಬಂದಳು! ಬಾಣದ ರೂಪದಲ್ಲಿ!

ನಾನೂ ಟೈಪ್ ಮಾಡಿದೆ: ‘ಬನ್ನಿ, ಕೂತುಕೊಳ್ಳಿ.’ ಅದರ ಕೆಳಗೆ: ‘ಕುರ್ಚಿ ತುಂಬ ನೀನೇ ಇದೀಯಲ್ಲೋ.’ ಹೀಗೇ ಒಂದು ಪುಟ. ಮಿಕ್ಕಿದ್ದು ಇಲ್ಲಿ ಬರೆಯುವಂಥದ್ದಲ್ಲ.

ಕೊನೆಗೆ ಕೆಲಸದ ಮಾತು. ಡಿಸ್ಕ್ ನನ್ನ ಹತ್ತಿರವೇ ಇದೆ, ಹೋದ ಸಲ ಇಲ್ಲೇ ಬಿಟ್ಟು ಹೋದದ್ದು. ಅದರಲ್ಲಿರುವುದನ್ನು ಇದ್ದ ಹಾಗೇ ಕಂಪ್ಯೂಟರಿಗೆ ಕಾಪಿ ಮಾಡಬೇಕು. ಅಷ್ಟೇ. ನಾಳೆ ಸಂಜೆ ಅವಳು ಎಡಿಟಿಂಗ್ ಶುರು ಮಾಡುತ್ತಾಳೆ.

ಮಾರ್ಚ್ 7, ಶನಿವಾರ. ಮಧ್ಯಾಹ್ನ

ಅಬ್ಬಾ, ಅವಳ ಡಿಸ್ಕ್! ಹೆಂಡತಿ ಎಷ್ಟು ಅಚ್ಚುಕಟ್ಟೋ ಡಿಸ್ಕ್ ಅಷ್ಟು ಗಲೀಜು. ಫೋಲ್ಡರಿನೊಳಗೆ ಫೋಲ್ಡರ್. ಫೈಲುಗಳಿಗೆ ಹೆಸರೇ ಇಲ್ಲ, ಬರೀ 0041, 0042. ನಮ್ಮ ಅಂಗಡಿಯಲ್ಲಿ ಹೀಗಿದ್ದರೆ ಯಜಮಾನರು ಸುಮ್ಮನಿರುತ್ತಿದ್ದರೇ? ಲೆನ್ಸ್ ಎಂದರೆ ಪವರ್ ಪ್ರಕಾರ, ಚಿಕ್ಕದರಿಂದ ದೊಡ್ಡದಕ್ಕೆ, ಸಾಲಾಗಿ. ಕಣ್ಣು ಮುಚ್ಚಿ ಕೈ ಹಾಕಿದರೂ ಸಿಗಬೇಕು.

ಸರ್ಪ್ರೈಸ್ ಕೊಡೋಣ ಎಂದುಕೊಂಡೆ. ಶಬ್ದಗಳನ್ನೆಲ್ಲ ಒಂದೇ ಫೋಲ್ಡರಿಗೆ ತಂದೆ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದೆ. ಎಲ್ಲ ಒಟ್ಟಿಗೆ ಸೆಲೆಕ್ಟ್ ಮಾಡಿ ಒಂದೇ ಏಟಿಗೆ ಹೆಸರು: ಶಬ್ದ 1, ಶಬ್ದ 2, ಶಬ್ದ 3... ಕಾಪಿ ಅಲ್ಲ, ಕಟ್. ಒಂದೇ ಮಾಲು ಎರಡು ಡ್ರಾಯರಿನಲ್ಲಿ ಇರಬಾರದು, ಅದು ಅಂಗಡಿಯ ಕಟ್ಟಳೆ. ಡಿಸ್ಕ್ ಈಗ ಕನ್ನಡಿಯ ಹಾಗೆ ಖಾಲಿ. ಆಮೇಲೆ ರೀಸ್ಟಾರ್ಟ್. ಎಷ್ಟು ಚಂದ ಕಾಣುತ್ತಿದೆ!

ಅದೇ ದಿನ. ಸಂಜೆ ಆರೂವರೆ

ಅವಳು ಪ್ರಾಜೆಕ್ಟ್ ತೆಗೆದಳು. ಪರದೆಯೆಲ್ಲ ಕೆಂಪು. ಪ್ರತಿ ಸಾಲಿನಲ್ಲೂ ‘ಫೈಲ್ ಸಿಗುತ್ತಿಲ್ಲ’.

ಫೋನಿನಲ್ಲಿ ಅವಳು ಪಟಪಟ ಕ್ಲಿಕ್ ಮಾಡುವ ಸದ್ದು. ಆಮೇಲೆ,

“ರೀ.”

ಅವಳು ‘ರೀ’ ಎನ್ನುವುದು ನಾನು ದೊಡ್ಡ ತಪ್ಪು ಮಾಡಿದಾಗ ಮಾತ್ರ.

“ರೀ, ಹಳೇ ನಂಬರ್ ಎಲ್ಲಿ ಹೋಯ್ತು?”

ಹೇಳಿದೆ. ಸಾಫ್ಟ್‌ವೇರ್ ಹುಡುಕುವುದು ಹಳೆಯ ನಂಬರನ್ನೇ ಅಂತೆ. ಶಬ್ದ 1 ಯಾವುದು, ಶಬ್ದ 200 ಯಾವುದು, ಅದಕ್ಕೂ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಬೈಯಲಿಲ್ಲ ಅವಳು. ಅದೇ ಕಷ್ಟ. “ವರ್ಷದ ಕೊನೆ ಏನು, ಬಂದೇ ಬರುತ್ತೆ ಬಿಡಿ” ಎಂದಳು, ಮೆಲ್ಲಗೆ.

ಅಷ್ಟರಲ್ಲಿ ಅವಳೇ, “ಇರು ಇರು ಇರು. ಯಾವುದಾದ್ರೂ ಒಂದು ಪ್ಲೇ ಮಾಡು.”

ಮಾಡಿದೆ. ಸ್ಪೀಕರಿನಿಂದ ಅವಳದೇ ದನಿ: “ನಲವತ್ತೊಂದು. ಮರದ ಬಾಗಿಲು. ನಿಧಾನಕ್ಕೆ.” ಆಮೇಲೆ ಕಿರ್ರ್...

ರೆಕಾರ್ಡ್ ಮಾಡುವ ಮೊದಲು ನಂಬರ್ ಹೇಳುವುದು ಅವಳ ಅಭ್ಯಾಸ! ಪ್ರತಿಯೊಂದಕ್ಕೂ!

“ಕೇಳ್ತಾ ಹೋಗು, ಹಳೇ ನಂಬರ್ ಹಾಕ್ತಾ ಹೋಗು. ಮುನ್ನೂರ ಚಿಲ್ಲರೆ ಇದೆ ಕಣೋ.”

‘ಕಣೋ’ ವಾಪಸ್ ಬಂತು! ಬದುಕಿದೆ!

ಮಾರ್ಚ್ 8, ಭಾನುವಾರ. ಮಧ್ಯಾಹ್ನ ಎರಡು

ಬೆಳಗಿನಿಂದ ಕೂತಿದ್ದೇವೆ, ನಾನು ಮತ್ತು ಅಕ್ಕ. ಅಕ್ಕ ಕೇಳಿ ನಂಬರ್ ಕೂಗುತ್ತಾಳೆ, ನಾನು ಟೈಪ್ ಮಾಡುತ್ತೇನೆ.

“ತಾರೀಖು ನೋಡಿ ಜೋಡಿಸೋಕೆ ಆಗಲ್ವೇನೋ?”

“ರೆಕಾರ್ಡರ್‌ಗೆ ತಾರೀಖೇ ನೆನಪಿರಲ್ಲ ಅಕ್ಕ. ಬ್ಯಾಟರಿ ಬದಲಿಸಿದಾಗಲೆಲ್ಲ ಅದಕ್ಕೆ ಜನವರಿ ಒಂದು.”

“ಒಳ್ಳೇ ಜೋಡಿ. ಅದಕ್ಕೆ ಮರೆವು, ನಿನಗೆ ಅತಿಬುದ್ಧಿ.”

ಆದರೆ ಎಂಥ ಭಾನುವಾರ! ಬೆಳಗಿನಿಂದ ಕಿವಿಯಲ್ಲಿ ಅವಳದೇ ದನಿ. “ತೊಂಬತ್ತಾರು. ಬಕೆಟ್. ಅರ್ಧ ತುಂಬಿದೆ.” “ನೂರ ಮೂರು. ಬಕೆಟ್. ಪೂರ್ತಿ.” “ನೂರ ಹನ್ನೊಂದು. ಆನೆ. ಅಂದ್ರೆ ದಿಂಬು.” ದೊಪ್! ಆನೆಯ ಹೆಜ್ಜೆ ಎಂದರೆ ದಿಂಬನ್ನು ನೆಲಕ್ಕೆ ಬಡಿಯುವುದಂತೆ. ನೆಗಡಿಯಾಗಿದ್ದ ದಿನದ ದನಿ, ಸಿಟ್ಟಿನ ದಿನದ ದನಿ, ಏನೋ ತಿನ್ನುತ್ತ ಹೇಳಿದ ದನಿ. ಇಷ್ಟು ಹೊತ್ತು ಒಂದೇ ಸಮನೆ ಅವಳ ಜೊತೆ ನಾನು ಎಂದೂ ಕೂತಿಲ್ಲ.

“ಬಕೆಟ್‌ಗೂ ಪರಿಚಯ ಮಾಡಿಸ್ತಾಳಲ್ಲೋ ಇವಳು,” ಅಕ್ಕ ಕಣ್ಣೊರೆಸಿಕೊಂಡು ನಗುತ್ತಿದ್ದಳು.

ಆಮೇಲೆ: “ಇನ್ನೂರ ಎಂಬತ್ತು. ಮೆಟ್ಟಿಲು. ಹೊಸ ಚಪ್ಪಲಿ.” ಟಪ್, ಟಪ್... ನಮ್ಮ ಮೆಟ್ಟಿಲು! ನಡುವೆ ನನ್ನ ದನಿ: “ಕಾಫಿ ಕುಡೀತೀಯಾ ಚಿನ್ನೂ?” ಅವಳು: “ಶ್ಶ್!” ಇಬ್ಬರ ನಗು. ಅಳಿಸಿಲ್ಲ ಅವಳು.

ಅಕ್ಕ ಸ್ಪೀಕರ್ ನಿಲ್ಲಿಸಿ ನನ್ನನ್ನೇ ನೋಡಿದಳು.

“ಚಿನ್ನೂ?”

ನಾನು ಟೈಪ್ ಮಾಡಿದೆ: 0280. ಕಿವಿ ಕೆಂಡವಾಗಿತ್ತು.

ಸಂಜೆ ಐದು

ಮುಗಿಯಿತು! ಕೆಂಪು ಸಾಲುಗಳೆಲ್ಲ ಒಂದೇ ಸಲ ಹಸಿರು! ಬಾಣ ಓಡುತ್ತಿದೆ, ಕತ್ತರಿಸುತ್ತಿದೆ, ಅಂಟಿಸುತ್ತಿದೆ. ನಾನು ಕಂಪ್ಯೂಟರನ್ನು ಮುಟ್ಟಬಾರದಂತೆ. ಉಸಿರನ್ನೂ ಜೋರಾಗಿ ಬಿಡಬಾರದಂತೆ.

ಇನ್ನು ಮೇಲಿನ ವ್ಯವಸ್ಥೆ ಅವಳೇ ಹೇಳಿದ್ದು: ನಡೆಯುತ್ತಿರುವ ಕೆಲಸ ಕಂಪ್ಯೂಟರಿನಲ್ಲಿ, ಮುಗಿದದ್ದು ಡಿಸ್ಕಿನಲ್ಲಿ, ಎಲ್ಲದರ ನಕಲು ಇನ್ನೊಂದು ಡಿಸ್ಕಿನಲ್ಲಿ. ಒಂದೇ ಮಾಲು ಎರಡಲ್ಲ, ಮೂರು ಡ್ರಾಯರಿನಲ್ಲಿ ಇರಬೇಕು. ಯಜಮಾನರಿಗೆ ಹೇಳಬಾರದು.

ಮಾರ್ಚ್ 9, ಸೋಮವಾರ

ಹನ್ನೊಂದಕ್ಕೇ ಹೋಯಿತು ಎಪಿಸೋಡ್. ಅಂಗಡಿಯಲ್ಲಿ ಒಬ್ಬರ ಕನ್ನಡಕಕ್ಕೆ ಎಡ ಲೆನ್ಸನ್ನು ಬಲಕ್ಕೆ ಹಾಕಿದೆ. ಮತ್ತೆ ತೆಗೆದು ಹಾಕಿಕೊಟ್ಟೆ. ಮೇಡಂ ಇನ್ನೂ ಏನೂ ಹೇಳಿಲ್ಲ. ನಾಳೆ ಹೇಳುತ್ತಾರಂತೆ. ನಾಳೆ ಎಂದರೆ ಎಷ್ಟು ಹೊತ್ತಿಗೆ? ಬೆಳಿಗ್ಗೆಯೋ? ಸಂಜೆಯೋ?

ಮಾರ್ಚ್ 11, ಬುಧವಾರ. ಮಧ್ಯಾಹ್ನ, ಅಂಗಡಿ

ಹೂಂ ಎಂದರು!! ಮೇಡಂ ಹೂಂ ಎಂದರು! ನಿನ್ನೆ ಪೂರ್ತಿ ಸುದ್ದಿ ಇರಲಿಲ್ಲ, ನಾನು ಏನೂ ಬರೆಯಲಿಲ್ಲ, ತಿನ್ನಲೂ ಇಲ್ಲ. ಈಗ ಬಿಲ್ಲಿನ ಹಾಳೆಯ ಹಿಂದೆ ಬರೆಯುತ್ತಿದ್ದೇನೆ. ಅವಳು ಫೋನಿನಲ್ಲೇ ಇದ್ದಾಳೆ. ನಗುತ್ತಾಳೆ, ಅಳುತ್ತಾಳೆ, ಬ್ಯಾಗ್ ಜಿಪ್ ಎಳೆಯುತ್ತಾಳೆ. ನನಗೆ ಒಂದೂ ಪೂರ್ತಿ ಕೇಳಿಸುತ್ತಿಲ್ಲ.

“ಬರ್ಕೋತಿದೀಯಾ?”

“ಬರ್ಕೋತಿದೀನಿ, ಹೇಳು ಹೇಳು!”

ಶುಕ್ರವಾರ. ಮಧ್ಯಾಹ್ನದ ಇಂಟರ್‌ಸಿಟಿ, ಇಲ್ಲಿಗೆ ಮೂರು ಹತ್ತಕ್ಕೆ. ಪ್ಲಾಟ್‌ಫಾರಂ—