ಪಂಚೆಗೆ ಒಗ್ಗದ ಪಿಸ್ತೂಲು

ಮೋಹನದಾಸ್ ಭಾವನವರಿಗೆ,

ದುಬೈಯಿಂದ ನಿಮ್ಮ ಭಾವಮೈದುನ ಶೀನಪ್ಪ ಮಾಡುವ ನಮಸ್ಕಾರಗಳು.

ನೀವು ತೀರಿಹೋಗಿ ಒಂಬತ್ತು ದಿನವಾಯಿತು. ದಿನಕ್ಕೆರಡು ವಾಯ್ಸ್ ಮೆಸೇಜ್ ಕಳಿಸುತ್ತಿದ್ದವನು ಈಗ ಕಾಗದ ಹಿಡಿದು ಕೂತಿದ್ದೇನೆ. ಬೇರೆ ಯಾರ ಹತ್ತಿರವೂ ಆಡಲಾಗದ ಮಾತೊಂದಿದೆ.

ಬೆಳ್ಮಣ್ಣಿನ ನಿಮ್ಮ ಚಿನ್ನದಂಗಡಿಯ ಪಕ್ಕದಲ್ಲಿ ಕಳ್ಳತನವಾದಾಗ ನೀವು ಕೇಳಿದ್ದು ಗಟ್ಟಿಯಾದ ಶಟರ್ ಯಾವುದು ಅಂತ. ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಹಾಕಿ ಅಂದವನು ನಾನು. ಇಲ್ಲಿನ ಶೂಟಿಂಗ್ ಕ್ಲಬ್ಬಿನಲ್ಲಿ ಹನ್ನೊಂದು ವರ್ಷದಿಂದ ಹೊಸಬರ ಕೈಗೆ ಪಿಸ್ತೂಲು ಹೊಂದಿಸಿಕೊಡುವವನಲ್ಲವೇ, ಬುದ್ಧಿ ಹೇಳದಿದ್ದರೆ ನನಗೆ ತಿಂದ ಅನ್ನ ಅರಗುವುದಿಲ್ಲ. ಚಿಕ್ಕದು ಬೇಡ, ಕೈಯಲ್ಲಿ ಹಾರುತ್ತದೆ, ಹೊಸಬರ ಗುರಿ ತಪ್ಪುತ್ತದೆ. ನಳಿಗೆ ಉದ್ದವಿರಲಿ, ತೂಕವಿರಲಿ, ಹಿಡಿ ಅಂಗೈ ತುಂಬಲಿ ಎಂದೆ. ನೀವು ಹಾಗೆಯೇ ಕೊಂಡಿರಿ. ತರಬೇತಿಯಲ್ಲಿ ಹತ್ತಕ್ಕೆ ಎಂಟು ಗುಂಡು ನಡುವಿಗೆ ಬಿದ್ದ ಫೋಟೋ ಕಳಿಸಿದಿರಿ. ಅದನ್ನು ಇಲ್ಲಿ ಸತ್ವಾ ಬಡಾವಣೆಯ ನಮ್ಮ ರೂಮಿನವರಿಗೆಲ್ಲ ತೋರಿಸಿ ಮೆರೆದೆ.

ಮರುವಾರ ನೀವೇ ಹೇಳಿದಿರಿ: "ಇದನ್ನು ಎಲ್ಲಿ ಸಿಕ್ಕಿಸುವುದು ಮಾರಾಯ? ನನ್ನ ಸೊಂಟದಲ್ಲಿ ಉಡಿದಾರ ಬಿಟ್ಟರೆ ಬೇರೆ ಎಂತದುಂಟು?"

ನಾನು ನಕ್ಕೆ. ದಿನವಿಡೀ ಬೆಲ್ಟು ಬಿಗಿದ ಸೊಂಟಗಳನ್ನೇ ನೋಡುವ ನನಗೆ, ನೀವು ಪಾಸ್‌ಪೋರ್ಟ್ ಆಫೀಸಿಗೂ ಪಂಚೆಯಲ್ಲೇ ಹೋದ ಮನುಷ್ಯ ಎಂಬುದು ಮರೆತೇಹೋಗಿತ್ತು. ಪ್ಯಾಂಟ್ ಹಾಕಿ ಭಾವ ಎಂದೆ. ಎರಡು ದಿನ ಹಾಕಿದಿರಿ, ಸೆಕೆ ಎಂದು ಬಿಟ್ಟಿರಿ. ಪಿಸ್ತೂಲು ಊಟದ ಡಬ್ಬಿಯ ಜೊತೆ ಚೀಲ ಸೇರಿ ಅಂಗಡಿಯ ಮೊಳೆಯಲ್ಲಿ ನೇತಾಡಿತು.

ಆ ಸಂಜೆ ಹೆಲ್ಮೆಟ್ ಹಾಕಿದ ಇಬ್ಬರು ನುಗ್ಗಿದಾಗ ನೀವು ಚೀಲಕ್ಕೆ ಕೈ ಚಾಚಿದಿರಂತೆ. ಕೈ ಒಳಗೆ ಹೋಗುವ ಮೊದಲೇ ತಲೆಗೆ ರಾಡಿನ ಏಟು ಬಿತ್ತಂತೆ. ಆಗ ಅಂಗಡಿಯಲ್ಲಿ ಕಿವಿಯೋಲೆ ನೋಡುತ್ತಿದ್ದ ಸುಸನ್ ಟೀಚರ್ ಪೊಲೀಸರಿಗೆ ಹೇಳಿದ್ದು ಇಷ್ಟೇ. ಉಡಿದಾರಕ್ಕೆ ಸಿಕ್ಕಿಸುವಷ್ಟು ಚಿಕ್ಕದನ್ನು ಹೇಳಿದ್ದರೆ ಉಳಿಯುತ್ತಿದ್ದಿರೋ, ಏನೂ ಹೇಳದೆ ಬಾಯಿ ಮುಚ್ಚಿದ್ದರೆ ಉಳಿಯುತ್ತಿದ್ದಿರೋ. ಎರಡನೆಯದೇ ನಿಜ ಎಂದು ಮನಸ್ಸು ಹೇಳುತ್ತದೆ. ಅವರಿಗೆ ಬೇಕಿದ್ದದ್ದು ಚಿನ್ನ.

ನಿನ್ನೆ ಹರಿಣಾಕ್ಷಿ ಅಕ್ಕ ಫೋನಿನಲ್ಲಿ ಅತ್ತಳು. "ಅದನ್ನು ತೆಕ್ಕೊಳ್ಳಿ ಅಂತ ಅವರ ತಲೆಗೆ ಯಾರು ತುಂಬಿಸಿದ್ದೋ ಶೀನ, ಅವನ ಮನೆ ಹಾಳಾಗ." ನೀವು ನನ್ನ ಹೆಸರು ಹೇಳಿರಲೇ ಇಲ್ಲ. ನಾನೂ ಹೇಳಲಿಲ್ಲ. ಹೂಂ ಅಕ್ಕ ಎಂದೆ.

ಹದಿಮೂರನೆಯ ದಿನದ ಬೊಜ್ಜಕ್ಕೆ, ನಿಮ್ಮ ಉತ್ತರಕ್ರಿಯೆಗೆ, ಊರಿಗೆ ಬರುತ್ತಿದ್ದೇನೆ. ಊಟದ ಎಲೆ ಹಾಕುವ ಮೊದಲೇ ಅಕ್ಕನಿಗೆ ಎಲ್ಲ ಹೇಳುತ್ತೇನೆ. ಉಣ್ಣು ಎಂದರೆ ಉಣ್ಣುತ್ತೇನೆ. ಹೋಗು ಎಂದರೆ ಅಂಗಳದಿಂದಲೇ ನಿಮಗೆ ಕೈಮುಗಿದು ಹೊರಡುತ್ತೇನೆ.

ಹೋದಲ್ಲಿ ನೆಮ್ಮದಿಯಾಗಿರಿ ಭಾವ. ಅಲ್ಲಿ ಯಾವ ಬಾಗಿಲಿಗೂ ಚಿಲಕ ಬೇಡದಿರಲಿ.

ನಿಮ್ಮ
ಶೀನ