ನೀರು ಕಾಸುವ ಕೆಲಸ

ಅಪ್ಪಾ,

ನೀನು ತೀರಿಕೊಂಡ ಮೇಲೆ ಇದನ್ನು ಕಳಿಸಲು ವಿಳಾಸವೇ ಇಲ್ಲ. ಇದ್ದಿದ್ದರೂ ನನ್ನ ನೌಕರಿ ಕಳಿಸಗೊಡುತ್ತಿರಲಿಲ್ಲ. ಬರೆದು ಹರಿದುಹಾಕುತ್ತೇನೆ.

ನಿನ್ನೆ ನಮ್ಮ ಜಲಾಂತರ್ಗಾಮಿ ತನ್ನದೇ ರಿಯಾಕ್ಟರಿನ ಬಲದಿಂದ ಮೊದಲ ಸಲ ಚಲಿಸಿತು! ಅಣುವಿನ ಕಾವಿಗೆ ನೀರು ಉಗಿಯಾಗಿ, ಉಗಿ ಟರ್ಬೈನನ್ನು ತಿರುಗಿಸಿ, ಅಷ್ಟು ದೊಡ್ಡ ಉಕ್ಕಿನ ಮೈ ಬಂದರಿನ ಕಟ್ಟೆ ಬಿಟ್ಟು ಸರಿಯಿತು. ಆ ಉಗಿಯ ಹೊಣೆ ನನ್ನದು, ನಿನ್ನ ಮಗಳು ನೇತ್ರಾಳದ್ದು.

ಕೆಲಸ ಏನೆಂದು ನೀನು ಕೇಳಿದಾಗಲೆಲ್ಲ "ನೀರ ಕಾಸ್ತೇನಿ" ಎನ್ನುತ್ತಿದ್ದೆ. ಹೆಚ್ಚು ಹೇಳುವಂತಿರಲಿಲ್ಲ. ಹಾನಗಲ್ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ನೀನು, "ನಮ್ಮ ಹುಡುಗಿ ಇಂಜಿನಿಯರಿಂಗ್ ಕಲ್ತು ಸರಕಾರಕ್ಕ ನೀರ ಕಾಸಾಕತ್ತಾಳ ನೋಡ್ರಿ" ಎಂದು ನಗುತ್ತಿದ್ದೆಯಂತೆ.

ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಅಪ್ಪಾ.

ದೀಪಾವಳಿಗೆ ನೀರು ತುಂಬುವ ದಿನ ನೀನು ಹಂಡೆಗೆ ವಿಭೂತಿ ಬಳಿಯುತ್ತಿದ್ದೆಯಲ್ಲ? ಇಲ್ಲಿ ರಿಯಾಕ್ಟರಿನ ಹತ್ತಿರ ಚಿಟಿಕೆ ಬೂದಿಯನ್ನೂ ಒಯ್ಯುವಂತಿಲ್ಲ. ಬರಿಬೆರಳಿನಿಂದಲೇ ಯಂತ್ರಫಲಕದ ಅಂಚಿಗೆ ಮೂರು ಗೆರೆ ಎಳೆದೆ. ಪಕ್ಕದಲ್ಲಿದ್ದ ನೌಕಾಧಿಕಾರಿ ಅದನ್ನು ನೋಡಿದರು. ಹಡಗು ಸರಿದಾಗ ಮೊದಲು ಚಪ್ಪಾಳೆ ತಟ್ಟಿದವರು ಅವರೇ.

ಅವ್ವನಿಗೆ ಫೋನ್ ಮಾಡಿ, "ನೀರ ಕಾದಾವವ್ವಾ" ಎಂದಷ್ಟೇ ಹೇಳಿದೆ. "ಹಂಗಾರ ನಿಮ್ಮಪ್ಪಗ ಹೇಳ. ಹಬ್ಬದಾಗ ಮೊದಲ ನೀರು ಅವರದಲ್ಲೇನ?" ಎಂದಳು.

ಹಬ್ಬದ ಬೆಳಗ್ಗೆ ನಿನ್ನನ್ನು ಸ್ನಾನಕ್ಕೆ ಎಬ್ಬಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ನಿನ್ನ ಕಡೆಯ ದೀಪಾವಳಿಗೆ ನನಗೆ ರಜೆ ಸಿಗಲಿಲ್ಲ.

ಏಳ ಅಪ್ಪಾ. ನೀರ ಕಾದಾವ.