ನದಿದಂಡೆಯ ನಾಲ್ಕನೆಯ ಮೊಸಳೆ

ಮಾನ್ಯ ನದಿ ಪ್ರವಾಸ ಅಧಿಕಾರಿಗಳೇ,

ನಿಮ್ಮ ವಿಚಾರಣಾ ವರದಿ ಓದಿದೆ. ಕುದುರೆ ಸತ್ತದ್ದು ಕುದುರೆಯವನ ನಿರ್ಲಕ್ಷ್ಯದಿಂದಂತೆ. ಆದ್ದರಿಂದ ಅವನ ಪರವಾನಗಿ ರದ್ದಂತೆ. ಒಂದೂವರೆ ಪುಟದ ಆ ವರದಿಯಲ್ಲಿ ಸಿಮೆಂಟ್ ಎಂಬ ಪದ ಒಮ್ಮೆಯೂ ಬಂದಿಲ್ಲ.

ನಾವು ಪುಸ್ತಕಗಳಿಗೆ ರಟ್ಟು ಹಾಕುವ ಕಾರ್ಖಾನೆಯ ಒಂಬತ್ತು ಜನ. ವರ್ಷಕ್ಕೊಂದು ದಿನ ಅಂಟು, ದಾರ ಬದಿಗಿಟ್ಟು ಒಟ್ಟಿಗೆ ಎಲ್ಲಿಗಾದರೂ ಹೋಗುತ್ತೇವೆ. ಈ ಸಲ ನಿಮ್ಮಲ್ಲಿಗೆ ಬಂದೆವು. ಬೆಳಿಗ್ಗೆ ದೋಣಿಯಲ್ಲಿ ಪ್ರಾಣಿಗಳನ್ನು ನೋಡುವುದು, ಮಧ್ಯಾಹ್ನದ ಮೇಲೆ ಕುದುರೆ ಸವಾರಿ. "ಮೊಸಳೆ ದರ್ಶನ ಖಚಿತ" ಎಂದಿತ್ತು ನಿಮ್ಮ ಫಲಕ. ಕಾಡಿನ ಜೀವಿಗಳು ನಿಮ್ಮ ಕಚೇರಿಯವರಿಗಿಂತ ಹೆಚ್ಚು ಸಮಯಪಾಲನೆ ಕಲಿತದ್ದು ಹೇಗೆಂದು ದೋಣಿಯಲ್ಲೇ ತಿಳಿಯಿತು. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ್ದ ಮೊಸಳೆಯ ಫೋಟೋವನ್ನು ನಮ್ಮ ಮೇಸ್ತ್ರಿ ಹತ್ತಾರು ಸಲ ತೆಗೆದ ಮೇಲೆ ದೋಣಿಯವನು ಮೆಲ್ಲಗೆ ಹೇಳಿದ: "ಸಾಕು ಬಿಡಿ ಸಾರ್, ಅದೆಲ್ಲಿಗೂ ಹೋಗಲ್ಲ. ಸಿಮೆಂಟಿಂದು. ಹೋದ ವಾರ ನಾಲ್ಕು ಮಾಡಿಸಿದ್ದಾರೆ."

"ಮೇಸ್ತ್ರಿಗಳೇ, ಅದಕ್ಕೂ ಒಂದು ರಟ್ಟು ಹಾಕಿಬಿಡಿ" ಎಂದು ನಮ್ಮಲ್ಲಿ ಪುಟ ಹೊಲಿಯುವ ಅಕ್ಕ ಛೇಡಿಸಿದಳು. ದೋಣಿ ಅಲುಗಾಡುವಷ್ಟು ನಕ್ಕೆವು. ದಡ ಸೇರುವುದರೊಳಗೆ ಅಂಥವು ಮೂರು ಕಂಡವು.

ಮಧ್ಯಾಹ್ನ ನನಗೆ ಸಿಕ್ಕಿದ್ದು ಕಂದು ಬಣ್ಣದ ಮುದಿ ಹೆಣ್ಣುಕುದುರೆ. ಕುದುರೆಯವನು ಅದನ್ನು ಕರೆಯುತ್ತಿದ್ದುದೇ 'ಮುದುಕಿ' ಎಂದು. "ಇವರು ಸ್ವಲ್ಪ ಭಾರ ಇದ್ದಾರೆ, ನೋಡ್ಕೊಂಡು ನಡಿ ಮುದುಕಿ" ಎಂದು ಅದರ ಕಿವಿಯಲ್ಲಿ ಹೇಳಿ ಕಣ್ಣು ಮಿಟುಕಿಸಿದ. ತಗ್ಗು ಬಂದಲ್ಲೆಲ್ಲ ಅದು ನಿಂತು, ನಾನು ಸರಿಯಾಗಿ ಕೂತೆನೆಂದು ಖಾತ್ರಿಯಾದ ಮೇಲೇ ಹೆಜ್ಜೆಯಿಡುತ್ತಿತ್ತು. ಸವಾರಿ ಮುಗಿಸಿ ಇಳಿದಾಗ ಅವನು ಅದನ್ನು ನೀರಿಗೆ ಕರೆದೊಯ್ದ. ಮರಳಿನ ಅಂಚಿಗೆ ಹೋಗಿ ತಟ್ಟನೆ ನಿಂತ.

"ಇದು ಬೆಳಿಗ್ಗೆ ಇಲ್ಲಿರಲಿಲ್ಲವಲ್ಲ ಸಾರ್."

ಮೊಸಳೆಯೊಂದು ಅರ್ಧ ನೀರಲ್ಲಿ, ಅರ್ಧ ಮರಳಲ್ಲಿ ಮಲಗಿತ್ತು. ನಾನು ಲೆಕ್ಕ ಹಾಕಿದೆ. ಮೂರು ನೋಡಿಯಾಗಿದೆ, ಇದು ನಾಲ್ಕನೆಯದು. "ಸಿಮೆಂಟಿಂದು ಯಜಮಾನ್ರೇ, ಈಗ ತಂದಿಟ್ಟಿರಬೇಕು. ಪಾಪ, ಮುದುಕಿಗೆ ಬಾಯಾರಿದೆ, ಕುಡಿಸಿ" ಎಂದೆ. ಓದು ಬಲ್ಲವನ ಮಾತು ಎಂದು ಅವನು ನಂಬಿದ.

ಮುದುಕಿ ತಲೆ ಬಗ್ಗಿಸಿತು. ಆಮೇಲಿನದನ್ನು ನಾನು ವರ್ಣಿಸುವುದಿಲ್ಲ. ಅವನು ಹಗ್ಗ ಬಿಡಲಿಲ್ಲ. ನಾವು ನಾಲ್ಕು ಜನ ಅವನ ಸೊಂಟ ಹಿಡಿದೆಳೆದೆವು. ಕೊನೆಗೆ ಅವನ ಅಂಗೈಯ ಚರ್ಮ ಹಗ್ಗದ ಜೊತೆ ಹೋಯಿತು. ಕತ್ತಲಾಗುವ ತನಕ ಅವನು ನೀರಿನ ಕಡೆ ತಿರುಗಿ, "ಬಾ, ಮನೆಗೆ ಹೋಗೋಣ" ಎನ್ನುತ್ತಲೇ ಇದ್ದ.

ನಿಮ್ಮ ನಾಲ್ಕನೆಯ ಮೊಸಳೆಯನ್ನು ಮರುದಿನ ದೂರು ಕೊಡಲು ಬಂದಾಗ ನೋಡಿದೆ. ನಿಮ್ಮ ಕಚೇರಿಯ ಹಿತ್ತಿಲಲ್ಲಿ ಬಣ್ಣ ಒಣಗಲು ಬಿಟ್ಟಿದ್ದಿರಿ. ನಿಜವಾದದ್ದಿರುವ ನದಿಯಲ್ಲಿ ಸುಳ್ಳನ್ನು ಮಲಗಿಸಿ, ಯಾವುದು ಯಾವುದೆಂದು ಗುರುತಿಸುವ ಕೆಲಸವನ್ನು ಒಂದು ಬಾಯಾರಿದ ಕುದುರೆಗೆ ಬಿಟ್ಟಿರಲ್ಲ, ಅದಕ್ಕೆ ಯಾರ ಪರವಾನಗಿ ರದ್ದಾಯಿತು?

ಕುದುರೆಯವನ ತಂಗಿಯ ಗಂಡ ತನ್ನ ಕುದುರೆ ಕೊಡಲು ಸಿದ್ಧನಿದ್ದಾನೆ. ನಿಮ್ಮ ಸಹಿಯೊಂದೇ ಬಾಕಿ. ಸಿಮೆಂಟಿನ ಮೊಸಳೆಗಳನ್ನು ತೆಗೆಸಿ; ಅವನ ಪರವಾನಗಿ ಹಿಂತಿರುಗಿಸಿ. ವರದಿಯಲ್ಲಿ ನಿರ್ಲಕ್ಷ್ಯ ಯಾರದೆಂದು ಬರೆದ ಕಡೆ ಅವನ ಹೆಸರು ಹೊಡೆದುಹಾಕಿ ನನ್ನದನ್ನು ಬರೆಯಿರಿ. ನನ್ನದರ ಮೇಲೆ, ಒಂದು ಸಾಲು ಬಿಟ್ಟು, ನಿಮ್ಮದನ್ನು.

ಇಂತಿ, ತಲೆಯೆತ್ತಲಾರದ,
ಮುದುಕಿಯ ಕೊನೆಯ ಸವಾರ